ಅಖಂಡಣ್ಣನ ಕೈಗುಣ

ಬಾಗಿಲು ತಟ್ಟಿದ ಸದ್ದಾಯಿತು.

ಮಧ್ಯರಾತ್ರಿ ಕಳೆದಿತ್ತು. ಚೂರಪ್ಪನವರು ಹಾಸಿಗೆಯ ಮೇಲೆ ಎದ್ದು ಕುಳಿತರು. ಎರಡನೆಯ ಸಲ ತಟ್ಟಿದ್ದು ಇನ್ನೂ ಮೆಲ್ಲಗೆ. ಇಷ್ಟು ವಿನಯದಿಂದ ತಟ್ಟುವವನು ಒಂದೋ ಕಳ್ಳನಾಗಿರಬೇಕು, ಇಲ್ಲವೇ ನೆಂಟನಾಗಿರಬೇಕು ಎಂದು ಅವರ ಅನುಭವ ಹೇಳಿತು.

"ರೀ, ಹೋಗಿ ನೋಡಿ," ಎಂದರು ಹೆಂಡತಿ.

"ನೀನೇ ನೋಡು. ಕಳ್ಳನಾದ್ರೆ ಹೆಂಗಸರನ್ನ ಕಂಡು ನಾಚಿಕೊಂಡು ಹೋಗ್ತಾನೆ."

"ನೆಂಟನಾದ್ರೆ?"

"ನೆಂಟನಾದ್ರೆ ನಿನ್ನ ಕಡೆಯವನೇ ಆಗಿರ್ತಾನೆ."

ಹೆಂಡತಿ ಚಿಲಕ ತೆಗೆದರು. ಹೊರಗೆ ಎದುರು ಮನೆಯ ಅಖಂಡಣ್ಣ ನಿಂತಿದ್ದ. ಕಂಕುಳಲ್ಲಿ ದಿಂಬು, ತಲೆಗೆ ಉಣ್ಣೆಯ ಟೋಪಿ, ಎರಡೂ ಕೈಗಳಿಗೆ ಟವಲು ಸುತ್ತಿಕೊಂಡಿದ್ದ. "ದೀಪ ಹಾಕ್ಬೇಡಿ ಅತ್ತಿಗೆ," ಎಂದು ಪಿಸುಗುಟ್ಟಿ, ಇಬ್ಬರನ್ನೂ ದಾಟಿ ಒಳಗೆ ಬಂದು, ಗೋಡೆ ಪಕ್ಕದ ಬೆಂಚಿನ ಮೇಲೆ ಮಲಗಿ ಮುಸುಕೆಳೆದುಕೊಂಡ. ಏಕೆ, ಏನು ಎಂದು ಕೇಳುವ ಮೊದಲೇ ಗೊರಕೆ ಶುರುವಾಯಿತು.

ಚೂರಪ್ಪನವರು ಕತ್ತಲಲ್ಲಿ ಬಹಳ ಹೊತ್ತು ಆ ಗೊರಕೆಯನ್ನು ಆಲಿಸಿದರು. ಆ ಬೆಂಚಿನ ಮೇಲೆ ಅವರು ಮಲಗಿದಾಗಲೆಲ್ಲ ಅದು ಕಿರುಗುಟ್ಟುತ್ತಿತ್ತು. ಅಖಂಡಣ್ಣ ಮಲಗಿದರೆ ತುಟಿಪಿಟಕ್ಕೆನ್ನಲಿಲ್ಲ.

"ನೋಡಿದ್ಯಾ," ಎಂದರು ಅವರು ಹೆಂಡತಿಗೆ. "ನಮ್ಮನೆ ಬೆಂಚು. ಅದಕ್ಕೂ ಅವನೇ ಬೇಕು. ಅದೃಷ್ಟ ಅಂದ್ರೆ ಇದು."

"ರೀ, ಆ ಅದೃಷ್ಟದ ವಿಷಯಕ್ಕೇ ಒಂದು ಮಾತು ಹೇಳ್ಬೇಕಿತ್ತು—"

"ಆಮೇಲೆ. ಈಗ ನನಗೆ ಹೊಟ್ಟೆ ಉರೀತಿದೆ."

ಈ ಉರಿಯ ಮೂಲವನ್ನು ಓದುಗರಿಗೆ ತಿಳಿಸಿಬಿಡುವುದು ಒಳ್ಳೆಯದು. ಇಬ್ಬರೂ ಬೀದಿ ಕೊನೆಯ ಗಾಜಿನಂಗಡಿಯಲ್ಲಿ ಗಾಜು ಕೊಯ್ಯುವವರು. ಮೇಜಿನ ಮೇಲೆ ಕಂಬಳಿ ಹಾಸಿ, ಗಾಜನ್ನು ಮಲಗಿಸಿ, ಕಟ್ಟರಿನಿಂದ ಅದರ ಮೇಲೆ ಒಂದೇ ಒಂದು ಗೀರು ಎಳೆದು, ಗೀರನ್ನು ಮೇಜಿನ ಅಂಚಿಗೆ ತಂದು ಒತ್ತಬೇಕು. ಕೈ ಹಿಂಜರಿದರೆ, ಅಥವಾ ಎಳೆದ ಗೀರಿನ ಮೇಲೆ ಮತ್ತೆ ಎಳೆದರೆ, ಗಾಜು ತನಗೆ ತೋಚಿದ ದಾರಿ ಹಿಡಿಯುತ್ತದೆ. ಅಖಂಡಣ್ಣನ ಕೈಯಲ್ಲಿ ಅದು ಹೇಳಿದ ಕಡೆ ಸೀಳುತ್ತಿತ್ತು. ಆದ್ದರಿಂದ ಅವನು ಅಖಂಡ. ಇನ್ನೊಬ್ಬರ ಕೈಯಲ್ಲಿ ಹೇಳದ ಕಡೆಯೆಲ್ಲ ಸೀಳುತ್ತಿತ್ತು. ಆದ್ದರಿಂದ ಅವರು ಚೂರಪ್ಪ. ವಯಸ್ಸಿನಲ್ಲಿ ಕಿರಿಯನಾದವನು ಬೀದಿಗೆಲ್ಲ ಅಣ್ಣನಾಗಿ, ತಾವು ಮಾತ್ರ ಅಪ್ಪನಾದುದು ಅವರ ಉರಿಗೆ ಸುರಿದ ಎಣ್ಣೆ. ಅವರ ಹೆಂಡತಿ ಆ ಅಡ್ಡಹೆಸರನ್ನು ಎಂದೂ ಬಾಯಲ್ಲಿ ಆಡಿದವರಲ್ಲ. ಯಾರಾದರೂ "ಚೂರಪ್ಪನವರ ಮನೆ ಇದೇನಾ?" ಎಂದು ಕೇಳಿದರೆ ಅಲ್ಲ ಎಂದು ಬಾಗಿಲು ಹಾಕುತ್ತಿದ್ದರು.

ಚೂರಪ್ಪನವರ ಕೈಯಲ್ಲಿ ಗಾಜು ತಾನಾಗಿ ಒಡೆದದ್ದು ಒಮ್ಮೆಯೂ ಇಲ್ಲ, ಎಲ್ಲಕ್ಕೂ ಕಾರಣವಿತ್ತು. ಒಮ್ಮೆ ಯಾರೋ ಸೀನಿದ್ದರು. ಒಮ್ಮೆ ಮೋಡ ಸರಿದು ಬೆಳಕು ಬದಲಾಗಿತ್ತು. ಹಲ್ಲಿನ ಡಾಕ್ಟರ ಕಿಟಕಿಯ ಗಾಜಂತೂ ಗಾಡಿಯಿಂದ ಇಳಿಸುವಾಗಲೇ ಬಿರುಕು ಬಿಟ್ಟಿತ್ತು. ಹೀಗಾಗಿ ಯಜಮಾನರು ಗಾಜು ಒರಗಿಸಿಡುವ ಚೌಕಟ್ಟಿನ ಮುಂಬದಿಯ ಹೊಸ ಹಾಳೆಗಳನ್ನು ಅಖಂಡಣ್ಣನಿಗೆ ಕೊಡುತ್ತಿದ್ದರು, ಹಿಂಬದಿಯಲ್ಲಿ ಒರಗಿ ಮುದಿಯಾದವನ್ನು ಚೂರಪ್ಪನವರಿಗೆ. ಕಿಟಕಿಯ ಬಳಿಯ ಮೇಜು ಅವನಿಗೆ, ಬಾಗಿಲ ಬಳಿಯ ಮೇಜು ಇವರಿಗೆ. ಅಖಂಡಣ್ಣ ಕಟ್ಟರ್ ಎತ್ತಿದರೆ ಇಡೀ ಅಂಗಡಿ ಭಕ್ತಿಯಿಂದ ಉಸಿರು ಹಿಡಿಯುತ್ತಿತ್ತು. ಚೂರಪ್ಪನವರು ಎತ್ತಿದರೆ ಎಲ್ಲರೂ ಮುಖ ತಿರುಗಿಸಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇಂಥ ಪ್ರೋತ್ಸಾಹ ಸಿಕ್ಕರೆ ಗಾಜೇಕೆ, ಬಂಡೆಯೂ ಒಡೆದೀತು.

ಬೆಳಗಾಯಿತು. ಮೆಟ್ಟಿಲ ಮೇಲೆ ಗದ್ದಲವೆದ್ದಿತು. ಎದುರು ಮನೆಯ ಬೀಗ ಹಾಕಿದ ಬಾಗಿಲಿನ ಮುಂದೆ ಜನ ಸಾಲುಗಟ್ಟಿದ್ದರು. ಒಬ್ಬರ ಕೈಯಲ್ಲಿ ಹೊಸ ಬೈಸಿಕಲ್ಲಿನ ಚಕ್ರ, ಇನ್ನೊಬ್ಬರ ತೋಳಿನಲ್ಲಿ ಈಯಬೇಕಾದ ಬೆಕ್ಕು.

ಬೆಂಚಿನ ಮೇಲಿನ ಮುಸುಕು ಕದಲಿ ಅಖಂಡಣ್ಣನ ಬಾಯಿ ಮಾತ್ರ ಹೊರಬಂತು.

"ಅಣ್ಣಾ, ನನ್ನನ್ನ ಕಾಪಾಡಿ. ನಾನು ಮುಟ್ಟಿದ್ರೆ ಅದೃಷ್ಟವಂತೆ. ಆಫೀಸರ್ ಸಾಹೇಬ್ರು ಮೊನ್ನೆ ಅವರ ವರ್ಗಾವಣೆ ಆದೇಶ ತಂದು, ಒಂದು ರಾತ್ರಿ ಇದರ ಮೇಲೆ ತಲೆ ಇಟ್ಟು ಮಲಗಿ, ರದ್ದಾಗುತ್ತೆ ಅಂದ್ರು. ಹೊಲಿಗೆಯಮ್ಮ ಹೊಸ ಬಟ್ಟೆಗೆಲ್ಲ ಮೊದಲ ಕತ್ತರಿ ನನ್ನಿಂದಲೇ ಹಾಕಿಸ್ತಾರೆ. ನಿನ್ನೆ ಯಾರದೋ ಕೋಟಿನ ತೋಳು ಹೋಯ್ತು. ಅಖಂಡಣ್ಣ ಕತ್ತರಿಸಿದ ಮೇಲೆ ತೋಳಿಲ್ಲದ್ದೇ ಲಕ್ಷಣ ಅಂತ ಹಾಗೇ ಹೊಲಿದುಕೊಟ್ರು. ಕ್ಷೌರದಂಗಡಿಯವನಿಗೆ ದಿನಾ ನನ್ನಿಂದಲೇ ಬೋಣಿ ಆಗ್ಬೇಕು. ದಿನಾ. ನೋಡಿ."

ಟೋಪಿ ತೆಗೆದ. ತಲೆ ಬಲ್ಬಿನಂತೆ ಹೊಳೆಯಿತು.

"ತಲೆ ಹೋಗಲಿ, ಕೈ ನೋಡಿ," ಎಂದು ಟವಲು ಬಿಚ್ಚಿದ. ಕೈಗಳು ಎಲೆಯಂತೆ ಅದುರುತ್ತಿದ್ದವು. "ಇವತ್ತು ನಾಟ್ಯಶಾಲೆಯ ದೊಡ್ಡ ಕನ್ನಡಿ. ಅದನ್ನ ಕೊಯ್ದವನೇ ಇನ್ನು ಮುಂದೆ ಮೇಸ್ತ್ರಿ ಅಂತ ಯಜಮಾನರು ಹೇಳಿದ್ದಾರೆ. ಊರೆಲ್ಲ ನನ್ನ ಕೈಯನ್ನೇ ನೋಡ್ತಿದೆ. ಈ ಕೈ ಆ ಕನ್ನಡಿ ಮೇಲೆ ಬಿದ್ರೆ ಮುಗೀತು. ಯಾರೋ ಒಬ್ಬ ಈ ಅದೃಷ್ಟದ ಸುದ್ದಿ ಹುಟ್ಟಿಸಿದ್ದಾನೆ ಅಣ್ಣಾ. ಅವನನ್ನ ಹಿಡಿದು ಯಜಮಾನರ ಮುಂದೆ ನಿಲ್ಲಿಸಿ, ಇದೆಲ್ಲ ಸುಳ್ಳು ಅಂತ ಹೇಳಿಸಿ. ಕನ್ನಡಿ ನೀವೇ ಕೊಯ್ಯಿರಿ. ಮೇಸ್ತ್ರಿನೂ ನೀವೇ ಆಗಿ."

ಚೂರಪ್ಪನವರ ಎದೆಯಲ್ಲಿ ಎರಡು ಭಾವನೆಗಳು ಡಿಕ್ಕಿ ಹೊಡೆದವು. ಮೇಸ್ತ್ರಿ ಎಂಬ ಮಾತು ಸಿಹಿಯಾಗಿತ್ತು. ಅದನ್ನು ಇವನು ತನ್ನ ತಟ್ಟೆಯಿಂದ ತೆಗೆದು ತಮಗೆ ಬಡಿಸುತ್ತಿದ್ದಾನಲ್ಲ ಎಂಬುದು ಕಹಿಯಾಗಿತ್ತು. ಅದಕ್ಕಿಂತ ಕಹಿಯಾದದ್ದು ಇನ್ನೊಂದಿತ್ತು: ಹಾಗಾದರೆ ಯಾರೋ ಒಬ್ಬ ಮಹಾನುಭಾವ ಬೀದಿ ಬೀದಿ ತಿರುಗಿ ಇವನ ಗುಣಗಾನ ಮಾಡಿದ್ದಾನೆ. ತಮ್ಮ ಪರವಾಗಿ ಇಷ್ಟು ವರ್ಷದಲ್ಲಿ ಒಬ್ಬನಾದರೂ ಬಾಯಿ ತೆರೆದಿದ್ದುಂಟೇ?

"ಆ ನೀಚನನ್ನ ಮಧ್ಯಾಹ್ನದೊಳಗೆ ಹಿಡೀತೀನಿ," ಎಂದು ಚಪ್ಪಲಿ ಮೆಟ್ಟಿದರು.

"ರೀ, ಹೋಗೋ ಮುಂಚೆ ಒಂದು ಮಾತು—" ಎಂದರು ಹೆಂಡತಿ.

"ಆಮೇಲೆ ಅಂದ್ನಲ್ಲ."

ಮೆಟ್ಟಿಲ ಸಾಲಿನಲ್ಲಿ ಮೊದಲು ನಿಂತಿದ್ದವರೇ ಆಫೀಸರ್ ಸಾಹೇಬರು. ನೋಂದಣಿ ಕಚೇರಿಯಲ್ಲಿ ಇವರ ಮೇಜಿನ ಮುಂದೆ ಜನ ಅರ್ಧ ಆಯುಷ್ಯ ನಿಲ್ಲುತ್ತಾರೆ. ಇಂದು ಸ್ವತಃ ನಿಂತು ಕಾಲು ನೋಯಿಸಿಕೊಂಡಿದ್ದರು.

"ಸಾಹೇಬ್ರೇ, ಅಖಂಡಣ್ಣನ ಕೈಗುಣದ ವಿಷಯ ನಿಮಗೆ ಹೇಳಿದ್ದು ಯಾರು?"

"ಅದನ್ನೆಲ್ಲ ಬಹಿರಂಗಪಡಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ."

"ಹೇಳದಿದ್ರೆ ಅಖಂಡಣ್ಣ ಮುಟ್ಟಲ್ಲ."

"ಕ್ಷೌರದಂಗಡಿಯವನು," ಎಂದರು ಸಾಹೇಬರು. ಕಚೇರಿಯಲ್ಲಿ ಇಷ್ಟು ಬೇಗ ಅವರು ಯಾರಿಗೂ ಉತ್ತರ ಕೊಟ್ಟ ದಾಖಲೆ ಇರಲಿಲ್ಲ. ಆದರೆ ಅಪರಾಧಿ ಯಾರೆಂದು ನೋಡದೆ ಅವರಿಗೂ ಸಮಾಧಾನವಾಗಲಿಲ್ಲ, ಹಿಂದೆಯೇ ಹೊರಟರು.

ಕ್ಷೌರದಂಗಡಿಯಲ್ಲಿ ಒಬ್ಬ ಗಿರಾಕಿಯ ಗಡ್ಡ ಅರ್ಧ ಮುಗಿದಿತ್ತು.

"ನಾನಾ? ನಾನು ಹುಟ್ಟಿಸಿದ್ದಾ?" ಎಂದ ಕ್ಷೌರದವನು, ಕತ್ತಿಯನ್ನು ಗಾಳಿಯಲ್ಲಿ ಆಡಿಸುತ್ತ. "ನಾನು ಕೂದಲು ಕತ್ತರಿಸ್ತೀನೇ ಹೊರತು ಸುದ್ದಿ ಬೆಳೆಸಲ್ಲ. ಹೊಲಿಗೆಯಮ್ಮ ಹೇಳಿದ್ರು, ನಾನು ಕೇಳಿದೆ. ಕೇಳಿದ್ದನ್ನ ಕುರ್ಚಿಯಲ್ಲಿ ಕೂತವರಿಗೆ ಹೇಳಿದೆ. ಸುಮ್ನೆ ಕೂತವರಿಗೆ ಇನ್ನೇನು ಹೇಳಲಿ?"

"ಬಾ, ಅವರ ಮುಂದೆಯೇ ಹೇಳು."

ಕ್ಷೌರದವನು ಹೊರಟ. ಅವನು ಹೊರಟ ಮೇಲೆ ಅರ್ಧ ಗಡ್ಡದ ಗಿರಾಕಿ ಅಲ್ಲಿ ಕೂತು ಮಾಡುವುದೇನು? ಅವನೂ ಹೊರಟ.

ಹೊಲಿಗೆಯಮ್ಮನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಪ್ರಶ್ನೆ ಕೇಳಿದ ಮೇಲೆ ಅವುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚತೊಡಗಿದರು. ಚೂರಪ್ಪನವರ ಪ್ರಾಣ ಪ್ರತಿ ಸೂಜಿಯೊಂದಿಗೆ ಒಂದಿಷ್ಟು ಹೋಗುತ್ತಿತ್ತು. ಕೊನೆಯದನ್ನು ಚುಚ್ಚಿ ಆಕೆ ಕನ್ನಡಕ ಏರಿಸಿಕೊಂಡರು.

"ಮನೇಲೇ ಕಳ್ಳನನ್ನ ಇಟ್ಕೊಂಡು ನನ್ನ ಅಂಗಡಿ ಶೋಧನೆ ಮಾಡ್ತೀರಲ್ಲ. ನಂಗೆ ಹೇಳಿದ್ದು ನಿಮ್ಮ ಬಾಮೈದ."

"ನನ್ನ ಬಾಮೈದನಾ?"

"ಚೂಡಿದಾರದ ಅಳತೆ ಕೊಡೋಕೆ ಅವನ ಹೆಂಡತಿ ಜೊತೆ ಬಂದಿದ್ದ. ಅವಳು ಅಳತೆ ಕೊಟ್ಳು, ಅವನು ಸುದ್ದಿ ಕೊಟ್ಟ."

ಆಕೆ ಅಂಗಡಿಯ ಬಾಗಿಲೆಳೆದರು. ಈಗ ಮೆರವಣಿಗೆಗೆ ಒಂದು ಗಾತ್ರ ಬಂದಿತ್ತು. ಚಕ್ರದವರೂ ಬೆಕ್ಕಿನವರೂ ಹಿಂದೆ ಇದ್ದರು, ಬೆಕ್ಕೂ ಇತ್ತು.

ಬಾಮೈದ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಯೊಬ್ಬರ ಪಾದವನ್ನು ಬೂಟಿನೊಳಗೆ ಒತ್ತುತ್ತಿದ್ದವನು ತಲೆಯೆತ್ತಿದರೆ, ಮುಂದೆ ಭಾವ, ಭಾವನ ಹಿಂದೆ ಅರ್ಧ ಬೀದಿ.

"ಭಾವ, ಬೂಟು ಬೇಕಿತ್ತಾ?"

"ಬೂಟಿನ ಏಟು ಬೇಕಾಗಿರೋದು ನಿನಗೆ. ಅಖಂಡನ ಸುದ್ದಿ ನಿನಗೆ ಯಾರು ಹೇಳಿದ್ದು?"

ಬಾಮೈದ ಗಿರಾಕಿಯ ಕಾಲನ್ನು ಕೆಳಗಿಟ್ಟ. ಭಾವನ ಮುಖ ನೋಡಿದ, ಹಿಂದಿದ್ದವರನ್ನು ನೋಡಿದ, ಮತ್ತೆ ಭಾವನ ಮುಖ ನೋಡಿದ.

"ಬಿಟ್ಬಿಡಿ ಭಾವ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಹಳೇ ಗಾದೆ."

"ಗಾದೆ ಕೇಳೋಕೆ ಬಂದಿಲ್ಲ. ಹೆಸರು ಹೇಳು."

"ಅಕ್ಕ ಹೇಳಿದ್ಲು."

ಚೂರಪ್ಪನವರು ಪಕ್ಕದ ಸ್ಟೂಲಿನ ಮೇಲೆ ಕುಸಿದರು. ಸ್ವಂತ ಮನೆ, ಸ್ವಂತ ಹೆಂಡತಿ. ಹೊಗಳಿದ್ದು ಎದುರು ಮನೆಯವನನ್ನು. ಹೊಲಿಗೆಯಮ್ಮ ಲೊಚಗುಟ್ಟಿದರು. ಆಫೀಸರ್ ಸಾಹೇಬರು ಇಂಥ ಪ್ರಕರಣಗಳಲ್ಲಿ ಸಹಾನುಭೂತಿ ತೋರಿಸುವ ರೀತಿಯಲ್ಲಿ ಗಡಿಯಾರ ನೋಡಿಕೊಂಡರು.

"ಅವಳಿಗೆ ಯಾರೋ ಹೇಳಿರ್ಬೇಕು," ಎಂದರು ಚೂರಪ್ಪನವರು ತುಸು ಚೇತರಿಸಿಕೊಂಡು. "ಅವಳಾಗಿ ಹೇಳೋ ಪೈಕಿ ಅಲ್ಲ. ಅವಳ ಕಿವಿಗೆ ಊದಿದ್ದು ಯಾರು?"

"ಅದನ್ನ ಅಕ್ಕನ ಬಾಯಿಂದಲೇ ಕೇಳಿ. ಮಧ್ಯಾಹ್ನ ಊಟದ ಡಬ್ಬಿ ತಗೊಂಡು ನಿಮ್ಮ ಅಂಗಡಿಗೆ ಬರ್ತಾಳಲ್ಲ," ಎಂದ ಬಾಮೈದ, ಎದ್ದು ನಿಂತು. "ನಡೀರಿ, ನಾನೂ ಬರ್ತೀನಿ. ಇದನ್ನ ತಪ್ಪಿಸಿಕೊಳ್ಳೋಕಾಗಲ್ಲ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವರನ್ನು ನೋಡಿ ನಗುವುದು ಸುಲಭ. ಕೂಸು ಸದ್ದು ಮಾಡದೆ ಇರುವಾಗ ಹುಡುಕುವವರ ಕಷ್ಟ ಹುಡುಕುವವರಿಗೇ ಗೊತ್ತು.

ಗಾಜಿನಂಗಡಿಯಲ್ಲಿ ಫ್ಯಾನು ನಿಲ್ಲಿಸಿದ್ದರು. ಮೇಜಿನ ಕಂಬಳಿಯ ಮೇಲೆ ನಾಟ್ಯಶಾಲೆಯ ಕನ್ನಡಿ ಮಲಗಿತ್ತು, ಒಂದು ಚಿಕ್ಕ ಕೆರೆಯಷ್ಟು ದೊಡ್ಡದು. ಅದರ ಉದ್ದಕ್ಕೂ ಎರಡು ಬೆರಳಗಲದ ಪಟ್ಟಿಯೊಂದನ್ನು ತೆಗೆಯಬೇಕಿತ್ತು. ಅಗಲ ಕಡಿಮೆಯಾದಷ್ಟೂ ಗೀರು ದಾರಿ ತಪ್ಪುವ ಭಯ ಹೆಚ್ಚು. ಯಜಮಾನರು ಸೀನಬೇಕಾದವರೆಲ್ಲ ಬೀದಿಗೆ ಹೋಗಿ ಸೀನಿ ಬರಬೇಕೆಂದು ಆಜ್ಞೆ ಮಾಡಿದ್ದರು. ಮೆಟ್ಟಿಲ ಸಾಲು ಚದುರಿದ ಮೇಲೆ ಕೆಲಸಕ್ಕೆ ಬಂದಿದ್ದ ಅಖಂಡಣ್ಣ ಕಟ್ಟರ್ ಹಿಡಿದು ನಿಂತಿದ್ದ. ಕೈ ನಡುಗಿ ಕಟ್ಟರಿನ ಮೂತಿ ಕನ್ನಡಿಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

ಆ ಗಳಿಗೆಯಲ್ಲಿ ಮೆರವಣಿಗೆ ಒಳನುಗ್ಗಿತು.

"ಏನಯ್ಯಾ ಇದು?" ಎಂದರು ಯಜಮಾನರು. "ಯಾರು ಸತ್ತಿದ್ದು?"

"ಸತ್ಯ ಸತ್ತಿದೆ ಯಜಮಾನ್ರೇ," ಎಂದರು ಚೂರಪ್ಪನವರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿಕೊಂಡು ಬಂದ ಮಾತು ಅದು. "ಈ ಅಖಂಡನ ಕೈಗುಣ, ಅದೃಷ್ಟ, ಎಲ್ಲಾ ಕಟ್ಟುಕತೆ. ಒಬ್ಬ ಕಿಡಿಗೇಡಿ ಹುಟ್ಟಿಸಿದ್ದು. ಅವನು ಯಾರು ಅಂತ ಈಗ ಇಲ್ಲೇ ಗೊತ್ತಾಗುತ್ತೆ. ಸಾಕ್ಷಿಗಳನ್ನ ತಂದಿದೀನಿ."

"ನಿಜ ಯಜಮಾನ್ರೇ," ಎಂದ ಅಖಂಡಣ್ಣ ದೈನ್ಯದಿಂದ. "ನನ್ನಲ್ಲಿ ಏನೂ ಇಲ್ಲ. ನಾನು ಬರೀ ಮನುಷ್ಯ."

ಯಜಮಾನರು ಯೋಚಿಸಿದರು. ಸುಳ್ಳಾಡಿ ತಮ್ಮ ಅಂಗಡಿಯ ವ್ಯವಸ್ಥೆಯನ್ನೇ ಕೆಡಿಸಿದವನ ಮೇಲೆ ಅವರಿಗೂ ಕೋಪ ಬಂತು. "ಸಿಕ್ಕರೆ ಏನು ಮಾಡೋಣ ಅಂತೀಯ?"

"ವರ್ಗಾವಣೆ ಮಾಡಿ," ಎಂದರು ಆಫೀಸರ್ ಸಾಹೇಬರು.

"ಬಾಯಿ ಹೊಲೀಬೇಕು," ಎಂದರು ಹೊಲಿಗೆಯಮ್ಮ.

"ಅರ್ಧ ತಲೆ ಬೋಳಿಸಿ," ಎಂದ ಕ್ಷೌರದವನು. ಅರ್ಧ ಗಡ್ಡದವನು ಅವನ ಕಡೆ ಕೆಕ್ಕರಿಸಿ ನೋಡಿದ.

ಚೂರಪ್ಪನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಅದೆಲ್ಲ ಸಣ್ಣ ಶಿಕ್ಷೆ. ಒಂದು ವರ್ಷ ಅವನು ಈ ಅಂಗಡಿಯ ಚೂರು ಗುಡಿಸಬೇಕು. ಅದೂ ಅಖಂಡ ಹೇಳಿದ ಹಾಗೆ ಕೇಳ್ಕೊಂಡು, ಅಖಂಡನ ಕೈ ಕೆಳಗೆ. ಎಷ್ಟೇ ದೊಡ್ಡ ಮನುಷ್ಯ ಆಗಿದ್ರೂ ಬಿಡಬಾರದು."

"ಆಯ್ತು," ಎಂದರು ಯಜಮಾನರು. "ನನ್ನ ಮಾತು ಕೊಟ್ಟೆ. ನನ್ನ ಮಗನೇ ಆಗಿದ್ರೂ ಪೊರಕೆ ಹಿಡಿಸ್ತೀನಿ."

ಅಲ್ಲಿಂದ ಮುಂದೆ ಯಾರು ಯಾರಿಗೆ ಏನೆಂದರು ಎಂಬುದರ ಬಗ್ಗೆ ವಾಗ್ವಾದ ಹತ್ತಿಕೊಂಡಿತು. ನೀನು ಸೇರಿಸಿ ಹೇಳಿದೆ ಎಂದು ಹೊಲಿಗೆಯಮ್ಮ ಕ್ಷೌರದವನಿಗೆ. ನೀವು ಕತ್ತರಿಸಿ ಹೇಳಿದ್ರಿ ಎಂದು ಕ್ಷೌರದವನು ಹೊಲಿಗೆಯಮ್ಮನಿಗೆ. ಬೆಕ್ಕು ಮೇಜಿನ ಕೆಳಗೆ ನುಸುಳಿತು. ಯಜಮಾನರು ಅದನ್ನು ಹಿಡಿಯಲು ಬಗ್ಗಿದರು. ಚೂರಪ್ಪನವರು ಸಮಾಜದಲ್ಲಿ ಸುಳ್ಳಿನ ದುಷ್ಪರಿಣಾಮಗಳ ಮೇಲೆ ಮಾತು ಮುಂದುವರಿಸಿದ್ದರು. ಆದರೆ ಪಕ್ಕದಿಂದ ಬರುತ್ತಿದ್ದ ಟಿಕ್ ಟಿಕ್ ಸದ್ದು ಅವರ ಭಾಷಣದ ಲಯ ಕೆಡಿಸುತ್ತಿತ್ತು.

"ಕೊಡು ಇಲ್ಲಿ," ಎಂದು ಅಖಂಡಣ್ಣನ ಕೈಯಿಂದ ಕಟ್ಟರ್ ಕಿತ್ತುಕೊಂಡರು. "ನಾನು ಹೇಳೋದೇನಂದ್ರೆ, ಒಬ್ಬ ಬಾಯಿಗೆ ಬಂದದ್ದು ಆಡ್ತಾನೆ," ಎನ್ನುತ್ತ ಮರದ ಅಳತೆಗೋಲನ್ನು ಕನ್ನಡಿಯ ಮೇಲೆ ಇಟ್ಟರು, "ಊರು ಅದನ್ನ ನಂಬುತ್ತೆ," ಎನ್ನುತ್ತ ಈ ತುದಿಯಿಂದ ಆ ತುದಿಯವರೆಗೆ ಗೀರು ಎಳೆದರು, "ಅದರಿಂದ ಪ್ರಾಮಾಣಿಕವಾಗಿ ದುಡಿಯೋರ ಬಾಳು," ಎನ್ನುತ್ತ ಅಖಂಡಣ್ಣನಿಗೆ ಕಣ್ಣಲ್ಲೇ ಸನ್ನೆ ಮಾಡಿ, ಇಬ್ಬರೂ ಸೇರಿ ಕನ್ನಡಿಯನ್ನು ಮೇಜಿನಂಚಿಗೆ ಸರಿಸಿದರು, "ಎರಡು ತುಂಡಾಗುತ್ತೆ," ಎನ್ನುತ್ತ ಒತ್ತಿದರು.

ಟಕ್.

ಜಗಳವಾಡುತ್ತಿದ್ದವರೆಲ್ಲ ಮೇಜಿನ ಕಡೆ ತಿರುಗಿದರು. ಬೆಕ್ಕನ್ನು ಹಿಡಿದಿದ್ದ ಯಜಮಾನರು ಮೆಲ್ಲಗೆ ಮೇಲೆದ್ದರು. ಪಟ್ಟಿ ಚೂರಪ್ಪನವರ ಕೈಯಲ್ಲಿ ಉದ್ದಕ್ಕೆ, ನೇರಕ್ಕೆ, ದಾರ ಹಿಡಿದು ಕೊಯ್ದಂತೆ ನಿಂತಿತ್ತು. ಎಲ್ಲರಿಗಿಂತ ಕೊನೆಯಲ್ಲಿ ಅದನ್ನು ಗಮನಿಸಿದವರು ಸ್ವತಃ ಚೂರಪ್ಪನವರು. ಒಬ್ಬರೂ ಕಿವಿ ಮುಚ್ಚಿಕೊಳ್ಳದೆ ಅವರು ಗಾಜು ಕೊಯ್ದದ್ದು ಬಹುಶಃ ಅದೇ ಮೊದಲು.

ಯಜಮಾನರು ಕನ್ನಡಿಯ ಅಂಚಿನ ಮೇಲೆ ಬೆರಳಾಡಿಸಿದರು. "ಚೂರಪ್ಪಾ," ಎಂದರು, "ಇವತ್ತಿನಿಂದ ಮೇಸ್ತ್ರಿ ನೀನೇ."

ಲೋಕದಲ್ಲಿ ಕ್ಷೌರದವರು ಇಲ್ಲದಿದ್ದರೆ ಈ ಕತೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.

"ಆಗದೆ ಇರುತ್ತಾ?" ಎಂದ ಅವನು. "ಅಖಂಡಣ್ಣ ಹಿಡಿದಿದ್ದ ಕಟ್ಟರ್ ಅಲ್ವಾ?"

"ಹೌದಲ್ಲ," ಎಂದರು ಆಫೀಸರ್ ಸಾಹೇಬರು. "ಪಕ್ಕದಲ್ಲೇ ನಿಂತಿದ್ರು ಬೇರೆ."

"ರಾತ್ರಿ ಇವರ ಮನೇಲೇ ಮಲಗಿದ್ರಂತೆ," ಎಂದರು ಹೊಲಿಗೆಯಮ್ಮ. "ಇನ್ನೇನು ಬೇಕು?"

ಎಲ್ಲರೂ ತಲೆದೂಗಿದರು. ಅಖಂಡಣ್ಣನ ಕಡೆಗೆ ಮೂರು ಕೈಗಳು ಚಾಚಿದವು, ಒಂದರಲ್ಲಿ ಬೈಸಿಕಲ್ಲಿನ ಚಕ್ರವಿತ್ತು.

ಚೂರಪ್ಪನವರ ಹೊಟ್ಟೆಯಲ್ಲಿ ಆರಿದ್ದ ಬೆಂಕಿ ಬುಗ್ಗೆಂದಿತು. ಕೊಯ್ದದ್ದು ತಮ್ಮ ಕೈ, ಗುಣ ಅವನ ಕೈಯದು. ಗೆದ್ದದ್ದು ತಾವು, ಹೆಸರು ಅವನದು.

"ಅಪರಾಧಿ ಯಾರು ಅಂತ ಗೊತ್ತಾಗಲೇಬೇಕು," ಎಂದು ಮೇಜು ಗುದ್ದಿದರು. "ಅವನು ತನ್ನ ಬಾಯಿಂದ ಸುಳ್ಳು ಅಂತ ಹೇಳೋವರೆಗೂ ನಾನು ಮೇಸ್ತ್ರಿ ಆಗಲ್ಲ."

"ಕೆಲಸ ಆಯ್ತಲ್ಲ, ಬಿಡಯ್ಯಾ," ಎಂದರು ಯಜಮಾನರು.

"ಬಿಡಿ ಅಣ್ಣಾ," ಎಂದ ಅಖಂಡಣ್ಣ.

"ದಯವಿಟ್ಟು ಬಿಡಿ ಭಾವ," ಎಂದ ಬಾಮೈದ.

ಬಾಗಿಲಲ್ಲಿ ನೆರಳು ಬಿತ್ತು. ಊಟದ ಡಬ್ಬಿ ಹಿಡಿದು ಹೆಂಡತಿ ನಿಂತಿದ್ದರು. ಒಳಗಿನ ಜನವನ್ನು ನೋಡಿ ಡಬ್ಬಿಯಲ್ಲಿರುವುದು ಸಾಲದೆಂದು ಅವರಿಗೆ ಮೊದಲು ಅನ್ನಿಸಿತು.

"ರೀ, ನಿನ್ನೆ ರಾತ್ರಿಯಿಂದ ಒಂದು ಮಾತು ಹೇಳ್ಬೇಕು ಅಂತಿದೀನಿ—"

"ಈಗ ಹೇಳು. ಅಖಂಡನ ಅದೃಷ್ಟದ ವಿಷಯ ನಿನ್ನ ತಮ್ಮನಿಗೆ ಹೇಳಿದ್ದು ನೀನೇ ತಾನೇ?"

"ಹೌದು."

"ನಿನಗೆ ಹೇಳಿದ್ದು ಯಾರು?"

"ಇಲ್ಲೇ ಹೇಳ್ಲಾ?"

"ಇಲ್ಲೇ. ಎಲ್ಲರ ಮುಂದೆ. ಗಟ್ಟಿಯಾಗಿ."

"ಮನೇಲಿ ಹೇಳಿದ್ರೆ ಆಗಲ್ವಾ?"

"ಆಗಲ್ಲ."

ಅವರು ನಿಟ್ಟುಸಿರಿಟ್ಟರು. ಗಂಡನ ಕಡೆಯಿಂದ ಮುಖ ತಿರುಗಿಸಿ ಯಜಮಾನರಿಗೆ ಹೇಳಿದರು: "ಹಲ್ಲಿನ ಡಾಕ್ಟರ ಕಿಟಕಿ ಗಾಜು ಒಡೆದ ದಿನ ಶುರುವಾಗಿದ್ದು ಇದು. ಅದನ್ನ ಒಡೆದವರೇ ನಂಗೆ ಹೇಳಿದ್ರು. ತಪ್ಪು ಕೈಯದಲ್ಲ, ಅದೃಷ್ಟದ್ದು. ಎದುರು ಮನೆಯವನು ಮುಟ್ಟಿದ್ದೆಲ್ಲ ಅಖಂಡ, ಅವನಿಗಿರೋ ಅದೃಷ್ಟ ಬೇರೆ ಯಾರಿಗೂ ಇಲ್ಲ ಅಂತ. ದಿನಾ ರಾತ್ರಿ ಊಟಕ್ಕೆ ಕೂತಾಗ ಅದೇ ಮಾತು. ಕೇಳಿ ಕೇಳಿ ನಾನೂ ನಂಬಿದೆ."

"ಆ ಗಾಜು ಗಾಡಿಯಿಂದ ಇಳಿಸುವಾಗಲೇ ಬಿರುಕು ಬಿಟ್ಟಿತ್ತಲ್ಲ," ಎಂದರು ಯಜಮಾನರು ಹುಬ್ಬು ಗಂಟಿಕ್ಕಿ. "ಅದನ್ನ ಒಡೆದವರು ಅಂತ ಯಾರಮ್ಮಾ ಇದ್ದಾರೆ?"

ಬಾಮೈದ ಯಾರಿಗೂ ಹೇಳದೆ ಮೂಲೆಗೆ ಹೋಗಿ ಪೊರಕೆ ತಂದ. ಹೆಂಡತಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗು ಸರಿಪಡಿಸಿಕೊಂಡು, ಇಷ್ಟು ವರ್ಷ ತಮ್ಮ ನಾಲಿಗೆಯ ಮೇಲೆ ಬಾರದಿದ್ದ ಹೆಸರನ್ನು ಮೊದಲ ಬಾರಿಗೆ ಆಡಿದರು.

"ನಿಮ್ಮ ಚೂರಪ್ಪನವರು."